ವಿಮಾನದ ಕಾಲು ನೋಡುವವರು



ಹೊಸೂರಿನಿಂದ ತಳಿಗೆ ಹೋಗುವ ಬಸ್ಸು ಹತ್ತಿದವರಿಗೆ ಬೆಳಗೊಂಡಪಳ್ಳಿ ಗೊತ್ತಿರುತ್ತದೆ. ಡೆಂಕಣಿಕೋಟೆ ತಾಲ್ಲೂಕಿನ ಈ ಊರಿನ ಮಗ್ಗುಲಲ್ಲಿ ಏಳು ಸಾವಿರ ಅಡಿ ಉದ್ದದ ಒಂದು ರನ್‌ವೇ ಇದೆ. ನಾವು ನೀವು ಟಿಕೆಟ್ ಕೊಂಡು ಹತ್ತುವ ವಿಮಾನ ಅಲ್ಲಿಂದ ಹೊರಡುವುದಿಲ್ಲ. ಆದರೂ ಅಲ್ಲಿಗೆ ದೊಡ್ಡ ದೊಡ್ಡ ವಿಮಾನಗಳು ಬಂದಿಳಿಯುತ್ತವೆ, ವಾರಗಟ್ಟಲೆ ಶೆಡ್ಡಿನೊಳಗೆ ನಿಲ್ಲುತ್ತವೆ, ಆಮೇಲೆ ಹಾರಿಹೋಗುತ್ತವೆ. ಅವು ಬರುವುದು ತಪಾಸಣೆಗೆ, ರಿಪೇರಿಗೆ. ತನೇಜಾ ಏರೋಸ್ಪೇಸ್ ಸಂಸ್ಥೆಯ ಈ ನೆಲದಲ್ಲಿ ತೊಂಬತ್ತರ ದಶಕದಲ್ಲಿ ಇಟಲಿಯ ಪಾರ್ತೆನಾವಿಯಾ ಸಂಸ್ಥೆಯ ಪರವಾನಗಿ ಪಡೆದು ಪಿ-68ಸಿ ಎಂಬ ಎರಡು ಎಂಜಿನಿನ ಪುಟ್ಟ ವಿಮಾನ ಕಟ್ಟಿದರು. ಮುಂದೆ ಏರ್ ವರ್ಕ್ಸ್ ಸಂಸ್ಥೆ ಇಲ್ಲೇ ಬೋಯಿಂಗ್, ಏರ್‌ಬಸ್, ಎಟಿಆರ್ ವಿಮಾನಗಳನ್ನು ಬಿಚ್ಚಿ ನೋಡುವ ಕೆಲಸ ಬೆಳೆಸಿತು. ನೌಕಾಪಡೆಯ ಪಿ-8ಐ ವಿಮಾನಗಳೂ ದೊಡ್ಡ ತಪಾಸಣೆಗೆ ಹೊಸೂರಿಗೇ ಬಂದಿವೆ. ಈ ಊರು ಈಗ ಕೃಷ್ಣಗಿರಿ ಜಿಲ್ಲೆಯಲ್ಲಿದೆ, ಆದರೆ ಸೇಲಂ, ಧರ್ಮಪುರಿ, ಕೃಷ್ಣಗಿರಿ ಕಡೆಯ ನಾವೆಲ್ಲ ಒಂದು ಕಾಲಕ್ಕೆ ಒಂದೇ ಜಿಲ್ಲೆಯವರು. 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾಯಿತು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಪಿ-68ಸಿ ಕಟ್ಟುತ್ತಿದ್ದ ಕಾಲಕ್ಕೆ ಆ ರನ್‌ವೇ ಧರ್ಮಪುರಿ ಜಿಲ್ಲೆಯ ಮಣ್ಣಿನಲ್ಲೇ ಇತ್ತು. ಹಾಗಾಗಿ ಇದು ನಮ್ಮ ಮನೆಯಂಗಳದ ವಿಷಯವೆಂದೇ ಮಾತಾಡುತ್ತೇನೆ.

ಇವತ್ತು ನಾನು ಹೇಳಹೊರಟಿರುವುದು ವಿಮಾನದ ಕಾಲುಗಳ ಬಗ್ಗೆ, ಅಂದರೆ ಲ್ಯಾಂಡಿಂಗ್ ಗೇರ್ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಆ ಕಾಲುಗಳನ್ನು ನೋಡಿ 'ಹೋಗಬಹುದು' ಅಥವಾ 'ಹೋಗಕೂಡದು' ಎಂದು ಹೇಳುವ ಜನರ ಬಗ್ಗೆ. ನಾನು ಈ ಕಸುಬಿನಲ್ಲಿ ಬಹುಕಾಲ ದುಡಿದವನು. ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ಈ ಕೆಲಸಕ್ಕೆ ಬರುತ್ತಿದ್ದಾರೆ. ಅವರ ಅಪ್ಪ ಅಮ್ಮಂದಿರಿಗೆ ಮಕ್ಕಳು ರಾತ್ರಿಪಾಳಿಯಲ್ಲಿ ಏನು ಮಾಡುತ್ತಾರೆ ಎಂಬುದು ತಿಳಿಯಲಿ ಎಂಬ ಆಸೆ ನನಗಿದೆ.

ಮೊದಲು ಭಾರದ ಲೆಕ್ಕ. ಓಮಲೂರಿನ ಹತ್ತಿರ ಕಮಲಾಪುರದಲ್ಲಿ ಸೇಲಂ ವಿಮಾನ ನಿಲ್ದಾಣ ಇದೆಯಲ್ಲ, 2023ರ ಅಕ್ಟೋಬರಿನಲ್ಲಿ ಅಲ್ಲಿ ಮತ್ತೆ ವಿಮಾನ ಸಂಚಾರ ಶುರುವಾಯಿತು. ಬರುವುದು ಎಟಿಆರ್-72, ರೆಕ್ಕೆ ಮೇಲಿರುವ, ಫ್ಯಾನಿನಂತೆ ಪ್ರೊಪೆಲ್ಲರ್ ತಿರುಗುವ ವಿಮಾನ. ತುಂಬಿದಾಗ ಅದರ ತೂಕ ಸುಮಾರು 23 ಟನ್. ಮೂಗಿನ ಕೆಳಗೆ ಎರಡು ಚಕ್ರ, ಹೊಟ್ಟೆಯ ಎರಡು ಪಕ್ಕದಲ್ಲಿ ಎರಡೆರಡು, ಒಟ್ಟು ಆರು. ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಅದು ನೆಲ ಮುಟ್ಟುತ್ತದೆ. ಮುಟ್ಟುವ ಕ್ಷಣದವರೆಗೆ ಚಕ್ರ ತಿರುಗುತ್ತಿರುವುದೇ ಇಲ್ಲ. ನಿಂತ ಚಕ್ರ ಒಮ್ಮೆಗೇ ಆ ವೇಗಕ್ಕೆ ಏರಬೇಕು. ಇಳಿಯುವಾಗ ಟೈರಿನಿಂದ ಏಳುವ ಬಿಳಿ ಹೊಗೆ ನೋಡಿದ್ದೀರಲ್ಲ, ಅದು ರಬ್ಬರು ಸುಟ್ಟ ಹೊಗೆ. ಪ್ರಯಾಣಿಕರ ಜೆಟ್ ಆದರೆ ತೂಕವೂ ವೇಗವೂ ಇನ್ನೂ ಹೆಚ್ಚು. ಬೋಯಿಂಗ್ 737-800 ಹೊರಡುವಾಗ 79 ಟನ್‌ವರೆಗೆ ತೂಗಬಹುದು. ಇಷ್ಟನ್ನೂ ಹೊರುವ ಕಾಲು ಹಾರಾಟದ ಹೊತ್ತಿನಲ್ಲಿ ಏನೂ ಉಪಯೋಗಕ್ಕೆ ಬಾರದೆ ಹೊಟ್ಟೆಯೊಳಗೆ ಮಡಚಿಕೊಂಡು ಕೂತಿರುತ್ತದೆ. ಆ ಎತ್ತರದಲ್ಲಿ ಹೊರಗಿನ ಗಾಳಿಯ ಉಷ್ಣಾಂಶ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗಿರುತ್ತದೆ. ಆ ಚಳಿಯಲ್ಲಿ ಕೂತಿದ್ದು, ಕರೆದ ಕೂಡಲೇ ಇಳಿದು ಬಂದು ಬೀಗ ಹಾಕಿಕೊಂಡು, ಟನ್ನುಗಟ್ಟಲೆ ಪೆಟ್ಟು ತಿನ್ನಬೇಕು.

ಆ ಪೆಟ್ಟು ಹೀರುವುದು ಕಾಲಿನೊಳಗಿರುವ ಎಣ್ಣೆ ಮತ್ತು ಸಾರಜನಕ. ಒಂದು ದಪ್ಪ ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುತ್ತದೆ. ಒಳಗೆ ಕೆಳಗಡೆ ಹೈಡ್ರಾಲಿಕ್ ಎಣ್ಣೆ, ಮೇಲೆ ಒತ್ತಿ ತುಂಬಿದ ಸಾರಜನಕ ಅನಿಲ. ವಿಮಾನ ನೆಲಕ್ಕೆ ತಾಗಿದಾಗ ಎಣ್ಣೆ ಒಂದು ಸಣ್ಣ ರಂಧ್ರದಲ್ಲಿ ನುಗ್ಗಿ ಹೋಗಬೇಕಾಗುತ್ತದೆ. ಆ ನುಗ್ಗಾಟದಲ್ಲಿ ಪೆಟ್ಟಿನ ಶಕ್ತಿ ಶಾಖವಾಗಿ ಕರಗುತ್ತದೆ. ಅನಿಲ ಸ್ಪ್ರಿಂಗಿನ ಕೆಲಸ ಮಾಡಿ ವಿಮಾನವನ್ನು ಎತ್ತಿ ಹಿಡಿಯುತ್ತದೆ. ನಿಂತಿರುವ ವಿಮಾನದ ಕಾಲಿನ ಹತ್ತಿರ ಹೋಗಿ ನೋಡಿದರೆ ಚಕ್ರದ ಮೇಲೆ ಕನ್ನಡಿಯಂತೆ ಹೊಳೆಯುವ ಗೇಣುದ್ದದ ಉಕ್ಕು ಕಾಣುತ್ತದೆ. ನಾವು ಅದನ್ನು ಬರೇ ಕ್ರೋಮ್ ಅನ್ನುತ್ತೇವೆ. 'ಎಡಗಡೆ ಕ್ರೋಮ್ ಎಷ್ಟಿದೆ?' ಎಂದು ಕೇಳಿದರೆ, ಎಷ್ಟು ಬೆರಳು ಹೊಳಪು ಹೊರಗೆ ಕಾಣುತ್ತಿದೆ ಎಂದು ಅರ್ಥ. ಎರಡು ಕಾಲಿನಲ್ಲೂ ಅದು ಸಮನಾಗಿರಬೇಕು. ಕಡಿಮೆಯಾದರೆ ಅನಿಲವೋ ಎಣ್ಣೆಯೋ ಸೋರಿದೆ. ಆದರೆ ಕಣ್ಣಳತೆ ಸಾಲದು. ಅನಿಲದ ಒತ್ತಡವನ್ನೂ ಹೊಳಪಿನ ಉದ್ದವನ್ನೂ ಅಳೆದು, ಕಾಲಿನ ಮೇಲೆಯೇ ಅಂಟಿಸಿರುವ ಪಟ್ಟಿಯಲ್ಲಿ ಹೊಂದಿಸಿ ನೋಡಬೇಕು. ಎಣ್ಣೆ ಕಡಿಮೆಯಿದ್ದಾಗ ಬರೇ ಅನಿಲ ತುಂಬಿ ಕಾಲನ್ನು ಎತ್ತರಿಸಿಬಿಟ್ಟರೆ ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಇಳಿಯುವಾಗ ಪೆಟ್ಟು ಹೀರಲು ಒಳಗೆ ಎಣ್ಣೆ ಇರುವುದಿಲ್ಲ, ಅಷ್ಟೆ.

ಸೇಲಂ ಎಂದ ಕೂಡಲೇ ಸ್ಟೇನ್‌ಲೆಸ್ ಸ್ಟೀಲ್ ನೆನಪಾಗುವ ಜನ ನಾವು. ಆದ್ದರಿಂದ ಇದನ್ನು ಹೇಳಲೇಬೇಕು: ವಿಮಾನದ ಕಾಲಿನ ಉಕ್ಕು ತುಕ್ಕು ಹಿಡಿಯದ ಉಕ್ಕಲ್ಲ. ದೊಡ್ಡ ವಿಮಾನಗಳ ಕಾಲಿಗೆ ಬಹುವಾಗಿ ಬಳಸುವುದು 300ಎಂ ಎಂಬ ಮಿಶ್ರಲೋಹ. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ, ಸಿಲಿಕಾನ್ ಸೇರಿದ ಉಕ್ಕು. ಅದರ ಬಲ ಸಾಮಾನ್ಯ ಕಟ್ಟಡದ ಕಂಬಿಯ ಬಲದ ಮೂರು ಪಟ್ಟಿಗೂ ಹೆಚ್ಚು. ಆದರೆ ಇಷ್ಟು ಗಟ್ಟಿಯಾದ ಉಕ್ಕಿಗೆ ಒಂದು ದೌರ್ಬಲ್ಯವಿದೆ. ಅದು ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಗೇ ಸೀಳುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕ ತುಕ್ಕಿನ ಗುಳಿ, ಕೈತಪ್ಪಿದ ಸ್ಪ್ಯಾನರಿನ ಒಂದು ಗೀರು ಸಾಕು, ಬಿರುಕು ಅಲ್ಲಿಂದ ಶುರುವಾಗುತ್ತದೆ. ಅದಕ್ಕೇ ಹೊರಮೈಗೆ ಕ್ಯಾಡ್ಮಿಯಂ ಲೇಪ, ಅದರ ಮೇಲೆ ಬಣ್ಣ, ಜಾರುವ ಭಾಗಕ್ಕೆ ಕ್ರೋಮಿಯಂ. ಈ ಲೇಪ ಕೊಡುವ ಹೊತ್ತಿನಲ್ಲೇ ಇನ್ನೊಂದು ಅಪಾಯವುಂಟು. ರಾಸಾಯನಿಕದ ತೊಟ್ಟಿಯಲ್ಲಿ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ಹೊಕ್ಕು ಕೂತರೆ ಆ ಉಕ್ಕು ಪಿಂಗಾಣಿಯಂತೆ ಬಿರಿಯುತ್ತದೆ. ಅದನ್ನು ಹೊರಹಾಕಲು ಲೇಪವಾದ ಕೆಲವೇ ಗಂಟೆಗಳೊಳಗೆ ಭಾಗವನ್ನು ಒಲೆಗೆ ಸೇರಿಸಿ, ಸುಮಾರು 190 ಡಿಗ್ರಿ ಶಾಖದಲ್ಲಿ ಹಗಲು ರಾತ್ರಿ ಬೇಯಿಸುತ್ತಾರೆ. ಆ ಒಲೆಯ ಗಡಿಯಾರ ನೋಡಿಕೊಳ್ಳುವ ಹುಡುಗನ ಹೆಸರು ವಿಮಾನ ಹತ್ತುವ ಯಾರಿಗೂ ಗೊತ್ತಿರುವುದಿಲ್ಲ.

ಈಗ ರಾತ್ರಿಪಾಳಿಗೆ ಬರೋಣ. ಕೊನೆಯ ವಿಮಾನ ಬಂದು ನಿಂತ ಮೇಲೆ ಶುರುವಾಗುವ ಕೆಲಸ ಅದು. ಕೈಯಲ್ಲಿ ಟಾರ್ಚು, ಉದ್ದ ಹಿಡಿಯ ಒಂದು ಸಣ್ಣ ಕನ್ನಡಿ, ಜೇಬಿನಲ್ಲಿ ಬಟ್ಟೆತುಂಡು. ಚಕ್ರ ಮಡಚಿಕೊಳ್ಳುವ ಗೂಡಿನೊಳಗೆ ತಲೆ ತೂರಿಸಿ, ಪೈಪು, ವೈರು, ಸ್ಪ್ರಿಂಗು, ಕೀಲು ಒಂದೊಂದನ್ನೂ ನೋಡಬೇಕು. ಒಮ್ಮೆ ಹೊಸದಾಗಿ ಸೇರಿದ ಹುಡುಗನೊಬ್ಬ ಕಾಲಿನ ಮೇಲೆ ಎಣ್ಣೆಯ ಜಿಡ್ಡು ಕಂಡು ಬಟ್ಟೆ ತೆಗೆದ. 'ಅಣ್ಣಾ, ಒರೆಸಿಬಿಟ್ರೆ ಆಯ್ತಲ್ವಾ?' ಅಂದ. ಜತೆಗಿದ್ದ ಹಿರಿಯರು ಅವನ ಕೈ ಹಿಡಿದರು. 'ಒರೆಸೋದು ಆಮೇಲೆ ಕಣಪ್ಪಾ. ಎಲ್ಲಿಂದ ಬಂತು ನೋಡು ಮೊದ್ಲು. ಒರೆಸಿದ್ಮೇಲೆ ಅದು ನಿಂಗೆ ಏನೂ ಹೇಳಲ್ಲ' ಅಂದರು. ಜಿಡ್ಡಿನ ದಾರಿ ಹಿಡಿದು ಟಾರ್ಚು ಮೇಲೆ ಹೋಯಿತು. ಸೀಲಿನ ಅಂಚಿನಲ್ಲಿ ಒಂದು ತೊಟ್ಟು ತೂಗುತ್ತಿತ್ತು. ಅದು ಬೀಳುವವರೆಗೆ ಗಡಿಯಾರ ನೋಡಿದರು, ಇನ್ನೊಂದು ತೊಟ್ಟು ಕೂಡುವವರೆಗೂ ನೋಡಿದರು. ಇಷ್ಟು ಹೊತ್ತಿಗೆ ಇಷ್ಟು ತೊಟ್ಟು ಬಿದ್ದರೆ ಪರವಾಗಿಲ್ಲ, ಮೀರಿದರೆ ಸೀಲು ಬದಲಿಸಬೇಕು ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಆ ಹುಡುಗ ಆ ರಾತ್ರಿ ಕಲಿತದ್ದನ್ನು ಯಾವ ತರಗತಿಯಲ್ಲೂ ಅಷ್ಟು ಗಟ್ಟಿಯಾಗಿ ಕಲಿಸಲು ಆಗದು.

ಬ್ರೇಕಿನಲ್ಲಿ ಕಿರುಬೆರಳಿಗಿಂತ ಸಣ್ಣ ಒಂದು ಕಡ್ಡಿ ಇರುತ್ತದೆ. ಬ್ರೇಕು ಒತ್ತಿ ಹಿಡಿದಾಗ ಅದು ಹೊರಗೆ ಎಷ್ಟು ಚಾಚಿಕೊಂಡಿದೆಯೋ ಅಷ್ಟು ಆಯಸ್ಸು ಬ್ರೇಕಿನ ಬಿಲ್ಲೆಗಳಿಗೆ ಉಳಿದಿದೆ. ಕಡ್ಡಿ ಮೈಗೆ ಸಮವಾಯಿತೆಂದರೆ ಬ್ರೇಕು ಕಳಚಬೇಕು. ಎಷ್ಟೋ ಸರ್ತಿ ಈ ಕಡ್ಡಿಯನ್ನು ಬ್ರೇಕು ಒತ್ತದೆಯೇ ನೋಡಿಬಿಡುತ್ತಾರೆ. ಆಗ ಅದು ಇರುವುದಕ್ಕಿಂತ ಉದ್ದ ಕಾಣುತ್ತದೆ. ಒಬ್ಬರು ಮೇಲೆ ಕಾಕ್‌ಪಿಟ್ಟಿನಲ್ಲಿ ಬ್ರೇಕು ಒತ್ತಿ ಕೂತಿರಬೇಕು, ಇನ್ನೊಬ್ಬರು ಕೆಳಗೆ ಮಂಡಿಯೂರಿ ನೋಡಬೇಕು. ಇನ್ನು ಕೀಲುಗಳಿಗೆ ಗ್ರೀಸು ಹಾಕುವ ಕೆಲಸ. ಗ್ರೀಸ್ ಗನ್ನಿನಿಂದ ನಾಲ್ಕು ಸಲ ಒತ್ತಿ ಮುಂದೆ ಹೋಗುವಂತಿಲ್ಲ. ಇನ್ನೊಂದು ತುದಿಯಿಂದ ಹಳೆಯ ಕಪ್ಪು ಗ್ರೀಸು ಪೂರ್ತಿ ಹೊರಬಂದು, ಹೊಸ ಬಣ್ಣದ ಗ್ರೀಸು ಕಾಣುವವರೆಗೂ ಒತ್ತಬೇಕು. ಹೊರಬಂದ ಕಪ್ಪು ಗ್ರೀಸನ್ನು ಬೆರಳಲ್ಲಿ ಉಜ್ಜಿ ಬೆಳಕಿಗೆ ಹಿಡಿಯಬೇಕು. ಮಿಣಮಿಣ ಲೋಹದ ಪುಡಿ ಕಂಡರೆ ಒಳಗೆ ಬುಷ್ ಸವೆಯುತ್ತಿದೆ. ವಿಮಾನವನ್ನು ನೀರು ಹಾಯಿಸಿ ತೊಳೆದ ಮೇಲಂತೂ ಗ್ರೀಸು ತಪ್ಪಿಸುವಂತೆಯೇ ಇಲ್ಲ, ರಭಸದ ನೀರು ಕೀಲಿನೊಳಗೆ ಹೊಕ್ಕು ಗ್ರೀಸನ್ನು ಹೊರದೂಡಿರುತ್ತದೆ.

ಟೈರಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ. ಸಂಕಗಿರಿ, ನಾಮಕ್ಕಲ್ ಕಡೆಯ ಲಾರಿಯವರು ನಮ್ಮಲ್ಲಿ ಬಹಳ. ಹಿಂದಿನ ಜೋಡಿ ಟೈರಿಗೆ ಕಬ್ಬಿಣದ ರಾಡಿನಿಂದ ಬಡಿದು, ಸದ್ದು ಕೇಳಿಯೇ ಗಾಳಿ ಇದೆಯೋ ಇಲ್ಲವೋ ಹೇಳುವ ಕ್ಲೀನರ್‌ಗಳನ್ನು ನೀವು ನೋಡಿದ್ದೀರಿ. ಅವರು ಬಡಿದು ನೋಡುವುದು ಏಕೆಂದರೆ, ಜೋಡಿ ಟೈರಿನಲ್ಲಿ ಒಂದು ಇಳಿದರೂ ಪಕ್ಕದ್ದು ಭಾರ ಹೊರುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ವಿಮಾನದಲ್ಲೂ ಅದೇ ಕಷ್ಟ. ಆದರೆ ಇಲ್ಲಿ ಬಡಿದು ಕೇಳುವ ವಿದ್ಯೆ ನಡೆಯುವುದಿಲ್ಲ. ಕಾರಿನ ಟೈರಿನಲ್ಲಿ 30ರಿಂದ 35 ಪಿಎಸ್‌ಐ ಒತ್ತಡವಿದ್ದರೆ 737ರ ಟೈರಿನಲ್ಲಿ 200ರ ಆಸುಪಾಸು. ಗೇಜು ಹಾಕಿಯೇ ನೋಡಬೇಕು, ಅದೂ ಟೈರು ತಣ್ಣಗಾದ ಮೇಲೆ. ಇಳಿದ ಕೂಡಲೇ ನೋಡಿದರೆ ಬಿಸಿಗೆ ಒತ್ತಡ ಏರಿ ಸುಳ್ಳು ಹೇಳುತ್ತದೆ. ಇರಬೇಕಾದ ಒತ್ತಡದಲ್ಲಿ ಶೇಕಡ 95ಕ್ಕಿಂತ ಕೆಳಗಿದ್ದರೆ ತುಂಬಿ, ಪುಸ್ತಕದಲ್ಲಿ ಬರೆಯಬೇಕು. 90ಕ್ಕಿಂತ ಕೆಳಗಿದ್ದರೆ ಟೈರನ್ನೇ ಬಿಚ್ಚಬೇಕು. 80ಕ್ಕಿಂತಲೂ ಇಳಿದಿದ್ದರೆ ಅದರ ಜೊತೆಗೆ ಅದೇ ಅಚ್ಚಿನ ಪಕ್ಕದ ಟೈರನ್ನೂ ಬಿಚ್ಚಬೇಕು, ಎರಡು ಟೈರಿನ ಭಾರವನ್ನು ಒಂದೇ ಹೊತ್ತು ಅದು ಒಳಗೊಳಗೇ ನೊಂದಿರುತ್ತದೆ. ಟೈರು ತಯಾರಿಸುವವರು ಹೇಳುವ ಲೆಕ್ಕ ಇದು, ಸ್ವಲ್ಪ ಹೆಚ್ಚುಕಡಿಮೆ ಎಲ್ಲ ಕಡೆಯೂ ಇದೇ.

ಈ ಲೆಕ್ಕ ಮೀರಿದ್ದಕ್ಕೆ 261 ಜನ ಸತ್ತಿದ್ದಾರೆ. 1991ರ ಜುಲೈ 11. ಸೌದಿ ಅರೇಬಿಯಾದ ಜೆಡ್ಡಾ. ಹಜ್ ಮುಗಿಸಿದ ಯಾತ್ರಿಕರನ್ನು ನೈಜೀರಿಯಾದ ಸೊಕೊಟೊ ಊರಿಗೆ ವಾಪಸು ಕರೆದೊಯ್ಯಬೇಕಿದ್ದ ಡಿಸಿ-8 ವಿಮಾನ. ನೈಜೀರಿಯಾ ಏರ್‌ವೇಸ್‌ಗಾಗಿ ಕೆನಡಾದ ನೇಷನೇರ್ ಸಂಸ್ಥೆ ಅದನ್ನು ಓಡಿಸುತ್ತಿತ್ತು. ಎರಡು ಟೈರುಗಳಲ್ಲಿ ಒತ್ತಡ ಕಡಿಮೆಯಿದೆ ಎಂಬುದು ಹೊರಡುವ ಮುಂಚೆಯೇ ಮೆಕ್ಯಾನಿಕ್‌ಗೆ ಗೊತ್ತಿತ್ತು. ತುಂಬಿಸಲು ಹೊರಟರೆ ಸಾರಜನಕದ ಸಿಲಿಂಡರು ಕೈಗೆ ಸಿಗಲಿಲ್ಲ. ಅದಕ್ಕಾಗಿ ಕಾದರೆ ವಿಮಾನ ತಡವಾಗುತ್ತಿತ್ತು; ತಡ ಮಾಡಲು ಮೇಲಿನವರು ಒಪ್ಪಲಿಲ್ಲ. ವಿಮಾನ ಹೊರಟಿತು. ರನ್‌ವೇ ಮೇಲೆ ಓಡುವಾಗಲೇ ಒತ್ತಡ ಇಳಿದ ಟೈರಿನ ಭಾರವನ್ನೂ ಹೊತ್ತ ಪಕ್ಕದ ಟೈರು ಸಿಡಿಯಿತು, ಅದರ ಹಿಂದೆಯೇ ಎರಡನೆಯದೂ ಹೋಯಿತು. ಚಕ್ರದ ಲೋಹ ನೆಲಕ್ಕೆ ಉಜ್ಜಿ ಬೆಂಕಿ ಹತ್ತಿತು. ಒಳಗಿದ್ದವರಿಗೆ ಅದು ತಿಳಿಯಲಿಲ್ಲ. ಮೇಲೇರಿದ ಮೇಲೆ ಪದ್ಧತಿಯಂತೆ ಕಾಲು ಮಡಚಿದರು, ಉರಿಯುವ ರಬ್ಬರು ವಿಮಾನದ ಹೊಟ್ಟೆಯೊಳಗೆ ಹೋಯಿತು. ಹೈಡ್ರಾಲಿಕ್ ಪೈಪುಗಳು ಸುಟ್ಟವು, ನೆಲಹಾಸು ಸುಟ್ಟಿತು. ಪೈಲಟ್‌ಗಳು ಹಿಂದಿರುಗಲು ಹೆಣಗಿದರು. ರನ್‌ವೇ ಮೂರು ಕಿಲೋಮೀಟರಿಗೂ ಕಡಿಮೆ ದೂರ ಇದ್ದಾಗ ವಿಮಾನ ಬಿತ್ತು. ಯಾರೂ ಉಳಿಯಲಿಲ್ಲ.

ಈ ಅಪಘಾತದ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ದೋಷ ಯಾರ ಕಣ್ಣಿಗೂ ಬೀಳದೆ ಹೋಯಿತು ಎನ್ನುವಂತಿಲ್ಲ. ಬಿದ್ದಿತ್ತು. ಅಳೆದೂ ಆಗಿತ್ತು. 'ಈ ವಿಮಾನ ಹೊರಡಕೂಡದು' ಎಂಬ ಒಂದು ಮಾತು ಮಾತ್ರ ಬಾಯಿಂದ ಬರಲಿಲ್ಲ, ಅಥವಾ ಬಂದರೂ ಯಾರೂ ಕೇಳಿಸಿಕೊಳ್ಳಲಿಲ್ಲ. ಕಾಲು ಪರೀಕ್ಷಿಸುವ ಕೆಲಸದಲ್ಲಿ ಟಾರ್ಚು, ಗೇಜು, ಕನ್ನಡಿಗಿಂತ ದೊಡ್ಡ ಉಪಕರಣ ಆ ಮಾತು ಎಂದು ನಾನು ನಂಬಿದ್ದೇನೆ.

ಟೈರಿಗೆ ಮಾಮೂಲಿ ಗಾಳಿಯ ಬದಲು ಸಾರಜನಕ ಏಕೆ ಎಂದು ಕೆಲವರು ಕೇಳುತ್ತಾರೆ. 1986ರ ಮಾರ್ಚ್ 31ರಂದು ಮೆಕ್ಸಿಕೋದಲ್ಲಿ ಬೋಯಿಂಗ್ 727 ಒಂದು ಬಿದ್ದು 167 ಜನ ಸತ್ತರು. ಹಿಡಿದುಕೊಂಡೇ ಉಳಿದಿದ್ದ ಬ್ರೇಕಿನಿಂದ ಕಾದ ಟೈರು, ಮಡಚಿದ ಮೇಲೆ ಗೂಡಿನೊಳಗೇ ಸ್ಫೋಟಿಸಿತು. ಆ ಟೈರಿನಲ್ಲಿದ್ದದ್ದು ಮಾಮೂಲಿ ಗಾಳಿ. ಗಾಳಿಯಲ್ಲಿರುವ ಆಮ್ಲಜನಕ ಬಿಸಿ ರಬ್ಬರಿನ ಜತೆ ಸೇರಿ ಉರಿಯುತ್ತದೆ, ಸಾರಜನಕ ಉರಿಯಲು ಬಿಡುವುದಿಲ್ಲ.

ಇನ್ನು ಬೀಗದ ಪಿನ್ನುಗಳು. ನಿಂತ ವಿಮಾನದ ಕಾಲು ಅಕಸ್ಮಾತ್ ಮಡಚಿಕೊಳ್ಳದಿರಲಿ ಎಂದು ಕೀಲಿನ ತೂತಿಗೆ ಪಿನ್ನು ತೂರಿಸಿ, ಅದಕ್ಕೊಂದು ಕೆಂಪು ಪಟ್ಟಿ ಕಟ್ಟಿ ತೂಗಬಿಡುತ್ತಾರೆ. ಮಗುವಿನ ಕೈಯಲ್ಲೂ ಆಗುವ ಕೆಲಸ ಅನ್ನಿಸುತ್ತದೆ. 2021ರ ಜೂನ್ 18ರಂದು ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 787 ನಿಂತಲ್ಲೇ ಮೂಗು ಮುಗ್ಗರಿಸಿ ಕುಸಿಯಿತು. ಸರಕು ತುಂಬುತ್ತಿದ್ದ ಹೊತ್ತು. ಪರೀಕ್ಷೆಯ ಸಲುವಾಗಿ ಕಾಲು ಮಡಚುವ ಲಿವರ್ ಎತ್ತಿದ್ದರು. ಪಿನ್ನು ಇದೆಯಲ್ಲ ಎಂಬ ಧೈರ್ಯ. ಪಿನ್ನು ಇತ್ತು, ಇರಬೇಕಾದ ತೂತಿನಲ್ಲಿರಲಿಲ್ಲ. ಪಕ್ಕದಲ್ಲೇ ಅಂಥದೇ ಇನ್ನೊಂದು ತೂತು ಇತ್ತು, ಅದರೊಳಗಿತ್ತು. ಒಬ್ಬರು ಕೆಳಗಿನಿಂದ ಬೆರಳು ತೋರಿಸಿದ್ದರು, ಇನ್ನೊಬ್ಬರು ತೂರಿಸಿದ್ದರು. ಆ ಎರಡನೆಯ ತೂತನ್ನು ಮುಚ್ಚಿಬಿಡಬೇಕೆಂಬ ಆದೇಶ ಆಗಲೇ ಹೊರಟಿತ್ತು. ಗಡುವು ಇನ್ನೂ ಮುಗಿಯದ ಕಾರಣ ಆ ವಿಮಾನದಲ್ಲಿ ಕೆಲಸ ಆಗಿರಲಿಲ್ಲ. ಜೀವಹಾನಿಯಾಗಲಿಲ್ಲ, ಅದೇ ಪುಣ್ಯ. ಹೊಸ ಹುಡುಗರಿಗೆ ನಾನು ಇದನ್ನು ಹೇಳುವುದು ಏಕೆಂದರೆ, ಗಡುವು ಇದ್ದರೂ ಕೈಯಲ್ಲಿ ಸಾಮಾನಿದ್ದರೆ ಇವತ್ತೇ ಮಾಡಿಬಿಡುವುದು ಮೇಲು. ಇನ್ನೊಬ್ಬರು ಬೆರಳು ತೋರಿಸಿದ ಜಾಗವನ್ನು ನಾವೇ ಏಣಿ ಹತ್ತಿ ನೋಡುವುದೂ ಅಷ್ಟೇ ಮುಖ್ಯ.

ಟಾರ್ಚಿಗೆ ಕಾಣದ ದೋಷಗಳೂ ಇವೆ. 2007ರ ಸೆಪ್ಟೆಂಬರಿನಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್‌ನ ಎರಡು ಕ್ಯೂ-400 ವಿಮಾನಗಳು, ಒಂದು ಡೆನ್ಮಾರ್ಕಿನ ಆಲ್ಬೋರ್ಗಿನಲ್ಲಿ, ಮೂರೇ ದಿನದ ಮೇಲೆ ಇನ್ನೊಂದು ಲಿಥುವೇನಿಯಾದ ವಿಲ್ನಿಯಸ್ಸಿನಲ್ಲಿ, ಇಳಿಯುತ್ತಲೇ ಬಲಗಾಲು ಮುರಿದು ಕೂತವು. ಕಾಲನ್ನು ಎಳೆದು ಬಿಡುವ ಹೈಡ್ರಾಲಿಕ್ ದಂಡದ ತುದಿಯಲ್ಲಿ ಒಂದು ತಿರುಪು ಇರುತ್ತದೆ. ಆ ತಿರುಪಿನ ಮರೆಗಳೊಳಗೆ ತುಕ್ಕು ಹಿಡಿದು ದಂಡ ಕಳಚಿಕೊಂಡಿತ್ತು. ಹೊರಗಿನಿಂದ ಎಷ್ಟು ನೋಡಿದರೂ ಒಳಗಿನ ತುಕ್ಕು ಕಾಣುವಂತಿರಲಿಲ್ಲ. ವಿಮಾನಗಳಿಗೆ ಹತ್ತು ವರ್ಷವೂ ಆಗಿರಲಿಲ್ಲ. ಹೀಗಾಗಿಯೇ ಕಾಲನ್ನು ಪೂರ್ತಿ ಕಳಚಿ ನೋಡುವ ದೊಡ್ಡ ಕೆಲಸ ಬೇಕಾಗುತ್ತದೆ. 737, ಎ-320ರಂಥ ವಿಮಾನಗಳಿಗೆ ಸುಮಾರು ಹತ್ತು ವರ್ಷಕ್ಕೊಮ್ಮೆ, ಇಲ್ಲವೇ ಇಪ್ಪತ್ತು ಸಾವಿರದ ಆಸುಪಾಸು ಇಳಿತಗಳಿಗೊಮ್ಮೆ, ಯಾವುದು ಮೊದಲೋ ಆಗ. ಕಾಲು ಬಿಚ್ಚಿ, ಹಳೆಯ ಬಣ್ಣ, ಲೇಪ ಎಲ್ಲ ತೆಗೆದು ಬೆತ್ತಲೆ ಉಕ್ಕು ಮಾಡುತ್ತಾರೆ. ಉಕ್ಕಿಗೆ ಅಯಸ್ಕಾಂತತ್ವ ಕೊಟ್ಟು, ಹೊಳೆಯುವ ಕಬ್ಬಿಣದ ಪುಡಿ ಬೆರೆಸಿದ ದ್ರವ ಹಾಯಿಸಿ, ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಚ್ಚುತ್ತಾರೆ. ಬಿರುಕಿದ್ದರೆ ಪುಡಿ ಅಲ್ಲಿ ಹೋಗಿ ಕೂಡುತ್ತದೆ. ಕೂದಲೆಳೆಯಂಥ ಹಸಿರು ಗೆರೆಯೊಂದು ಕತ್ತಲಲ್ಲಿ ಎದ್ದು ಕಾಣುತ್ತದೆ. ಇಂಥ ಕೆಲಸಕ್ಕೆ ಭಾರತದ ವಿಮಾನಗಳ ಕಾಲುಗಳು ಬಹುಕಾಲ ಹೊರದೇಶಕ್ಕೇ ಹೋಗುತ್ತಿದ್ದವು. ಅದು ಇಲ್ಲೇ ಬೆಳೆಯಬೇಕು. ಹೊಸೂರಿನಲ್ಲಿ ರನ್‌ವೇ ಇದೆ, ಕೈಗಾರಿಕೆಯ ಜನ ಇದ್ದಾರೆ, ಸೂಕ್ಷ್ಮ ಯಂತ್ರಗೆಲಸ ಬಲ್ಲ ಸಣ್ಣ ಕಾರ್ಖಾನೆಗಳು ಬೀದಿಬೀದಿಗೆ ಇವೆ. ಹೊಸೂರಿಗೆ ದೊಡ್ಡ ವಿಮಾನ ನಿಲ್ದಾಣ ತರುತ್ತೇವೆಂದು 2024ರಲ್ಲಿ ತಮಿಳುನಾಡು ಸರ್ಕಾರ ಹೇಳಿದಾಗ ಊರಿನಲ್ಲಿ ನಡೆದ ಮಾತೆಲ್ಲ ಜಾಗದ ಬೆಲೆಯ ಬಗ್ಗೆ. ಕಾಲು ಬಿಚ್ಚಿ ಜೋಡಿಸುವ ವಿದ್ಯೆಯ ಬಗ್ಗೆ ಯಾರಾದರೂ ಮಾತಾಡಲಿ ಎಂದು ಕಾದೆ.

ಹ್ಯಾಂಗರಿನಲ್ಲಿ ನೋಡಲೇಬೇಕಾದ ಇನ್ನೊಂದು ಪರೀಕ್ಷೆಯಿದೆ. ಇಡೀ ವಿಮಾನವನ್ನು ಜಾಕಿನ ಮೇಲೆ ಎತ್ತಿ, ಚಕ್ರಗಳನ್ನು ಗಾಳಿಯಲ್ಲಿ ತೇಲಬಿಟ್ಟು, ಕಾಲನ್ನು ಮಡಚಿ ಬಿಚ್ಚಿ ಮಾಡುತ್ತಾರೆ. ಮೊದಲು ಸುತ್ತ ಹಗ್ಗ ಕಟ್ಟಿ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಕಿವಿಗೆ ಹೆಡ್‌ಸೆಟ್ ಹಾಕಿದ ಒಬ್ಬರು ಕೆಳಗೆ ನಿಂತು ಕಾಕ್‌ಪಿಟ್ಟಿನವರ ಜತೆ ಮಾತಾಡುತ್ತಿರುತ್ತಾರೆ. ಅವರು ಹೂಂ ಅನ್ನದೆ ಲಿವರ್ ಅಲ್ಲಾಡುವಂತಿಲ್ಲ. ಬಾಗಿಲು ತೆರೆದು, ಕಾಲು ಸರಿದು, ಗೂಡಿಗೆ ಹೋಗಿ, ಬೀಗ ಕಟಕ್ಕೆಂದು ಬಿದ್ದು, ಬಾಗಿಲು ಮುಚ್ಚುವವರೆಗೆ ಒಬ್ಬರೂ ಮಾತಾಡುವುದಿಲ್ಲ. ಆಮೇಲೆ ಹೈಡ್ರಾಲಿಕ್ ಒತ್ತಡವನ್ನು ಪೂರ್ತಿ ತೆಗೆದು, ಕಾಲು ತನ್ನ ಭಾರಕ್ಕೇ ಇಳಿದು ಬೀಗ ಹಾಕಿಕೊಳ್ಳುತ್ತದೆಯೇ ನೋಡುತ್ತಾರೆ. ವರ್ಷಾನುಗಟ್ಟಲೆ ಯಾರೂ ಬಳಸದ ದಾರಿ ಅದು. ಬೇಕಾದ ದಿನ ಮಾತ್ರ ತಪ್ಪುವಂತಿಲ್ಲ.

2024ರ ಅಕ್ಟೋಬರ್ 11ರ ಸಂಜೆ ತಿರುಚಿರಾಪಳ್ಳಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737 ವಿಮಾನದಲ್ಲಿ ಹೈಡ್ರಾಲಿಕ್ ತೊಂದರೆ ಕಾಣಿಸಿಕೊಂಡಿತು. ಆ ಸಂಜೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಟಿವಿ ಮುಂದೆ ಜನ ಕೂತಿದ್ದರು. ಒಳಗೆ ಸುಮಾರು 140 ಜನ. 737ರಲ್ಲಿ ಆಕಾಶದಲ್ಲೇ ಇಂಧನ ಚೆಲ್ಲುವ ಏರ್ಪಾಡಿಲ್ಲ, ಹಾಗಾಗಿ ತೂಕ ಇಳಿಯಲಿ ಎಂದು ಎರಡು ಗಂಟೆಗೂ ಹೆಚ್ಚು ಸುತ್ತು ಹಾಕಿ, ಎಂಟು ಗಂಟೆ ದಾಟಿದ ಮೇಲೆ ಸುಗಮವಾಗಿ ಇಳಿದರು. ಪೈಲಟ್‌ಗಳನ್ನು ನಾಡೇ ಹೊಗಳಿತು, ಹೊಗಳಬೇಕಾದ್ದೇ. ಅದೇ ಕಾಲು, ಅದೇ ಬೀಗ, ಅದೇ ಬ್ರೇಕುಗಳನ್ನು ಹಿಂದಿನ ರಾತ್ರಿಗಳಲ್ಲಿ ಮಂಡಿಯೂರಿ ನೋಡಿದವರು ಯಾರೋ ಇದ್ದರಲ್ಲ, ನನ್ನ ಮನಸ್ಸು ಅವರ ಕಡೆಗೂ ಹೋಯಿತು.

ಹುಬ್ಬಳ್ಳಿಯಲ್ಲಿ ಆದದ್ದು ಬೇರೆ ಥರ. 2015ರ ಮಾರ್ಚ್ 8ರಂದು ಬೆಂಗಳೂರಿನಿಂದ ಹೋದ ಸ್ಪೈಸ್‌ಜೆಟ್‌ನ ಕ್ಯೂ-400 ಮಳೆಯಲ್ಲಿ ಇಳಿದು, ರನ್‌ವೇಯಿಂದ ಎಡಕ್ಕೆ ಸರಿದು, ಎಡಗಾಲು ಮುರಿದು ನಿಂತಿತು. ಎಲ್ಲರೂ ಬದುಕಿದರು. ಕಾಲು ಮುರಿಯುವುದಾದರೂ ರೆಕ್ಕೆಯ ಇಂಧನದ ತೊಟ್ಟಿಯನ್ನು ಸೀಳದಂತೆ ಮುರಿಯಬೇಕೆಂಬ ಕಟ್ಟಳೆ ವಿನ್ಯಾಸದಲ್ಲೇ ಇದೆ. ಕಾಲು ತಾನು ಹೋಗುವಾಗಲೂ ಒಳಗಿನವರನ್ನು ಕಾಯಬೇಕು.

ಪೈಲಟ್‌ಗಳಿಗೂ ಒಂದು ಮಾತು ಹೇಳಬೇಕಿದೆ. ವಿಮಾನ ಸೆಕೆಂಡಿಗೆ ಹತ್ತು ಅಡಿ ವೇಗದಲ್ಲಿ ಇಳಿದು ಬಡಿದರೂ ತಾಳುವಂತೆ ಕಾಲನ್ನು ಮಾಡಿರುತ್ತಾರೆ. ದಿನನಿತ್ಯದ ಇಳಿತ ಎರಡು ಮೂರು ಅಡಿಯದು. ಒಮ್ಮೊಮ್ಮೆ ಜೋರಾಗಿ ಬಡಿಯುತ್ತದೆ, ಯಾರ ಕೈಯಲ್ಲೂ ಆಗುವುದೇ. ಆಗ 'ಇವತ್ತು ಜೋರಾಗಿ ಬಿತ್ತು, ನೋಡಿ' ಎಂದು ಪುಸ್ತಕದಲ್ಲಿ ಒಂದು ಸಾಲು ಬರೆದರೆ, ಕೆಳಗಿನವರು ಎಲ್ಲಿ ಬಣ್ಣ ಬಿರಿದಿದೆ, ಎಲ್ಲಿ ರಿವೆಟ್ಟು ಸಡಿಲವಾಗಿದೆ, ಎಲ್ಲಿ ಎಣ್ಣೆ ಒಸರಿದೆ ಎಂದು ಹುಡುಕುತ್ತಾರೆ. ಬರೆದವರನ್ನು ಕೀಳಾಗಿ ನೋಡುವ ಸಂಸ್ಥೆಯಲ್ಲಿ ಯಾರೂ ಬರೆಯುವುದಿಲ್ಲ.

ಪ್ರಯಾಣಿಕರಲ್ಲೂ ಒಂದು ಬೇಡಿಕೆ. ಸೇಲಂನಲ್ಲೋ ಬೆಂಗಳೂರಿನಲ್ಲೋ 'ತಾಂತ್ರಿಕ ಕಾರಣದಿಂದ ವಿಮಾನ ತಡ' ಎಂದು ಹೇಳಿದಾಗ ಕೌಂಟರಿನಲ್ಲಿ ನಿಂತ ಹುಡುಗಿಯ ಮೇಲೆ ಕೂಗಾಡುತ್ತೇವೆ. ಆ ಕೂಗು ಅಲ್ಲಿಂದ ಡ್ಯೂಟಿ ಮ್ಯಾನೇಜರಿಗೆ, ಅಲ್ಲಿಂದ ಫೋನಿನಲ್ಲಿ ವಿಮಾನದ ಕೆಳಗೆ ಕೂತ ಎಂಜಿನಿಯರಿನ ಕಿವಿಗೆ ತಲುಪುತ್ತದೆ. 'ಇನ್ನೂ ಎಷ್ಟು ಹೊತ್ತು ಸಾರ್?' ಆ ಪ್ರಶ್ನೆ ಕೇಳುತ್ತಾ ಕೇಳುತ್ತಾ ಗೇಜಿನ ಮುಳ್ಳನ್ನು ನಿಜವಾಗಿ ಓದುವುದು ಕಷ್ಟ. ಜೆಡ್ಡಾದಲ್ಲಿ ನಡೆದದ್ದೂ ಇದೇ ಒತ್ತಾಯದ ಕೊನೆ. ತಡವಾದ ದಿನ ಸ್ವಲ್ಪ ಸುಮ್ಮನೆ ಕೂತಿರಿ ಎಂದು ಕೈಮುಗಿದು ಕೇಳುತ್ತೇನೆ.

ಕೊನೆಯದಾಗಿ ಮಕ್ಕಳಿಗೆ. ಈ ಕೆಲಸಕ್ಕೆ ಬರಲು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಒಪ್ಪಿದ ತರಬೇತಿ ಶಾಲೆಯಲ್ಲೇ ಸೇರಬೇಕು. ಸೇರುವ ಮುಂಚೆ ಆ ಒಪ್ಪಿಗೆ ಪತ್ರ ಚಾಲ್ತಿಯಲ್ಲಿದೆಯೇ ಎಂದು ಡಿಜಿಸಿಎ ಪಟ್ಟಿಯಲ್ಲಿ ನೀವೇ ನೋಡಿ, ಬಣ್ಣದ ಜಾಹೀರಾತು ನಂಬಬೇಡಿ. ಅಲ್ಲಿಂದ ಮುಂದೆ ಪರೀಕ್ಷೆಗಳ ಮೇಲೆ ಪರೀಕ್ಷೆ, ಜತೆಗೆ ನಿಜವಾದ ವಿಮಾನದ ಮೇಲೆ ದುಡಿದ ಅನುಭವ ತೋರಿಸಿದರೆ ಲೈಸೆನ್ಸು. ಪರೀಕ್ಷೆಗಳಲ್ಲಿ ಒಂದು ಪೂರ್ತಿ ಪತ್ರಿಕೆ ಮನುಷ್ಯ ಸ್ವಭಾವದ ಮೇಲೆಯೇ ಇದೆ: ನಿದ್ದೆಗೆಟ್ಟಾಗ, ಅವಸರದಲ್ಲಿ, ಮೇಲಿನವರು ಒತ್ತಾಯಿಸಿದಾಗ ಕಣ್ಣು ಕೈ ಹೇಗೆ ತಪ್ಪುತ್ತವೆ ಎಂಬುದು. ಹುಡುಗರು ಅದನ್ನು ಸುಲಭದ ಪತ್ರಿಕೆ ಎಂದು ಕೊನೆಗೆ ಓದುತ್ತಾರೆ. ಮೊದಲು ಓದಿ. ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿವೆ. ತಳಿ, ಅಂಚೆಟ್ಟಿ, ಪೆನ್ನಾಗರದ ಕಡೆಯಿಂದ ಬಂದ ಮಕ್ಕಳು, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಆಡಿ ಬೆಳೆದವರು, ಅದಕ್ಕೆ ಹೆದರುವುದು ನಾನು ಕಂಡಿದ್ದೇನೆ. ಒಂದು ವರ್ಷ ಕಷ್ಟ ಅನ್ನಿಸುತ್ತದೆ, ಆಮೇಲೆ ಕೈಗೆ ಬರುತ್ತದೆ. ರಾತ್ರಿಪಾಳಿ, ಮಳೆ, ಬಿಸಿಲಿಗೆ ಕಾದ ಕಾಂಕ್ರೀಟು, ಮೈಯೆಲ್ಲ ಗ್ರೀಸು, ಇವಕ್ಕೆ ತಯಾರಿರಬೇಕು. ವರ್ಷಕ್ಕೊಮ್ಮೆ ಕಣ್ಣು ತೋರಿಸಿಕೊಳ್ಳಿ. ಲೈಸೆನ್ಸು ಬಂದ ಮೇಲೆ ವಿಮಾನ ಬಿಡುಗಡೆಯ ಕಾಗದಕ್ಕೆ ನಿಮ್ಮದೇ ಹೆಸರಿನ ಸಹಿ ಬೀಳುತ್ತದೆ. ನೀವು ಸ್ವತಃ ನೋಡದ ಯಾವುದಕ್ಕೂ ಆ ಸಹಿ ಹಾಕಬೇಡಿ, ಹೇಳಿದವರು ಎಷ್ಟೇ ದೊಡ್ಡವರಾಗಿರಲಿ.